ನ್ಯೂಯಾರ್ಕ್: ಶಾಲಾ ಕಟ್ಟಡಕ್ಕೆ ರಾಜ್ಯ ಶೇ 90 ಕೊಡುತ್ತದೆ ಅಂದರೆ ಕೈಗೆ ಬರುವುದು ಎಷ್ಟು?

ಮೊಹಾಕ್‌ದಂಡೆ:
ಎಲ್ಲರಿಗೂ ನಮಸ್ಕಾರ. ನಮ್ಮದು ನ್ಯೂಯಾರ್ಕ್ ರಾಜ್ಯದ ಒಳಭಾಗದ ಸಣ್ಣ ಸ್ಕೂಲ್ ಡಿಸ್ಟ್ರಿಕ್ಟ್ (ಊರಿನ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ). ರಾಜ್ಯದ ವರ್ಗೀಕರಣದಲ್ಲಿ 'ಹೈ ನೀಡ್' (ಹೆಚ್ಚು ಅಗತ್ಯವಿರುವ) ಪಟ್ಟಿಯಲ್ಲಿದೆ. ಪ್ರಾಥಮಿಕ ಶಾಲೆಯ ಚಾವಣಿ, ಬಾಯ್ಲರ್, ಕಿಟಕಿಗಳನ್ನು ಬದಲಿಸಿ ನಾಲ್ಕು ತರಗತಿ ಕೋಣೆ ಕಟ್ಟಲು 20 ಮಿಲಿಯನ್ ಡಾಲರ್ ಬಾಂಡ್ (ಸಾಲಪತ್ರ) ಊರಿನವರ ಮತಕ್ಕೆ ಬರಲಿದೆ. "ಶೇ 90 ರಾಜ್ಯದ್ದು, ನಮ್ಮದು ಬರೀ 2 ಮಿಲಿಯನ್" ಎಂದು ಕರಪತ್ರದಲ್ಲಿದೆ. ಈ ಲೆಕ್ಕ ನಂಬಬಹುದೇ? ಸಭೆಯಲ್ಲಿ ಏನು ಕೇಳಬೇಕು?

ಲೆಕ್ಕದಪುಸ್ತಕ:
ಶೇ 90 ಸುಳ್ಳಲ್ಲ, ಆದರೆ ಅದು ಅರ್ಧ ಲೆಕ್ಕ. ಬಿಲ್ಡಿಂಗ್ ಏಡ್ (ಶಾಲಾ ಕಟ್ಟಡಕ್ಕೆ ರಾಜ್ಯ ಕೊಡುವ ನೆರವು) ಅನುಪಾತ ಹೈ ನೀಡ್ ಡಿಸ್ಟ್ರಿಕ್ಟ್‌ಗಳಿಗೆ ಶೇ 98ರವರೆಗೆ ಹೋಗುತ್ತದೆ, ಉಳಿದವರಿಗೆ ಮಿತಿ ಶೇ 95. ಆದರೆ ಈ ಶೇಕಡಾವಾರು ಇಡೀ ಖರ್ಚಿಗೆ ಅನ್ವಯಿಸುವುದಿಲ್ಲ, ರಾಜ್ಯ ಒಪ್ಪಿದ ಖರ್ಚಿಗೆ ಮಾತ್ರ. ಪ್ರತಿ ಕಟ್ಟಡಕ್ಕೂ ಒಂದು ಗರಿಷ್ಠ ವೆಚ್ಚ ಮಿತಿ ಇದೆ. ಕೋಣೆಗಳ ವಿದ್ಯಾರ್ಥಿ ಸಾಮರ್ಥ್ಯ, ತಿಂಗಳ ನಿರ್ಮಾಣ ವೆಚ್ಚ ಸೂಚ್ಯಂಕ, ಆ ಪ್ರದೇಶದ ವೆಚ್ಚದ ಮಟ್ಟ, ಇವುಗಳಿಂದ ಅದು ನಿಗದಿಯಾಗುತ್ತದೆ. ವಾಸ್ತುಶಿಲ್ಪಿ ಮತ್ತು ವಕೀಲರ ಶುಲ್ಕ, ಪೀಠೋಪಕರಣ, ನಿವೇಶನದ ಕೆಲಸ ಇವೆಲ್ಲ 'ಆನುಷಂಗಿಕ' ಬಾಬ್ತು. ನಿರ್ಮಾಣ ಮಿತಿಯ ಮೇಲೆ ಇವಕ್ಕೆ ಸಿಗುವುದು ಆರನೇ ತರಗತಿವರೆಗಿನ ಶಾಲೆಗೆ ಶೇ 20, ಏಳರಿಂದ ಹನ್ನೆರಡಕ್ಕೆ ಶೇ 25.

ನಿಮ್ಮ ಕಟ್ಟಡದ ಒಟ್ಟು ಮಿತಿ 16 ಮಿಲಿಯನ್ ಎಂದು ಇಟ್ಟುಕೊಳ್ಳಿ. 20ರಲ್ಲಿ 16 ಅಂದರೆ ಶೇ 80. ಇದಕ್ಕೆ 'ಬಾಂಡ್ ಪರ್ಸೆಂಟೇಜ್' ಅನ್ನುತ್ತಾರೆ. 16ರ ಶೇ 90 ಅಂದರೆ 14.4. ನಿಮ್ಮ ಪಾಲು 2 ಅಲ್ಲ, 5.6 ಮಿಲಿಯನ್. ಕರಪತ್ರದಲ್ಲಿ ಈ ಬಾಂಡ್ ಪರ್ಸೆಂಟೇಜ್ ಕಾಣದಿದ್ದರೆ ಬಿಸಿನೆಸ್ ಆಫೀಸನ್ನು ಮೊದಲು ಕೇಳಬೇಕಾದ್ದು ಅದನ್ನೇ.

ಮಿತಿ ಐದು ವರ್ಷಕ್ಕೊಮ್ಮೆ ಹೊಸದಾಗುತ್ತದೆ. ಈಚೆಗೆ ಅದೇ ಶಾಲೆಯಲ್ಲಿ ಬೇರೆ ಕೆಲಸ ಆಗಿದ್ದರೆ ಅದು ಎಷ್ಟು ತಿಂದಿದೆ ಎಂದೂ ವಿಚಾರಿಸಿ. ಹೊಸ ಕೋಣೆಗಳ ವಿಷಯ ಇನ್ನೂ ಬಿಗಿ. ಮುಂದಿನ ವರ್ಷಗಳ ದಾಖಲಾತಿ ಅಂದಾಜು ಅವು ಬೇಕೆಂದು ತೋರಿಸದಿದ್ದರೆ ಆ ಭಾಗಕ್ಕೆ ನೆರವಿಲ್ಲ. ಮಕ್ಕಳ ಸಂಖ್ಯೆ ಇಳಿಯುತ್ತಿರುವ ಊರುಗಳು ಪೆಟ್ಟು ತಿನ್ನುವುದು ಇಲ್ಲೇ.

ಸೈಟ್‌ಇಂಜಿನಿಯರ್:
ಮೇಲಿನದಕ್ಕೆ ಸಮಯದ ಲೆಕ್ಕವನ್ನೂ ಸೇರಿಸಿಕೊಳ್ಳಿ. ಹಣ ಒಟ್ಟಿಗೆ ಬರುವುದಿಲ್ಲ. ದುರಸ್ತಿಗೆ 15 ವರ್ಷ, ವಿಸ್ತರಣೆಗೆ 20, ಹೊಸ ಕಟ್ಟಡಕ್ಕೆ 30 ವರ್ಷ ಎಂದು ರಾಜ್ಯ ತಾನೇ ಊಹಿಸಿದ ಕಂತಿನಲ್ಲಿ, ತಾನೇ ನಿಗದಿ ಮಾಡಿದ ಬಡ್ಡಿ ದರದಲ್ಲಿ ಕೊಡುತ್ತದೆ. ನಿಮ್ಮ ಸಾಲದ ಅವಧಿ ಇದಕ್ಕೆ ಹೊಂದದಿದ್ದರೆ ಕೆಲವು ವರ್ಷ ನೆರವಿಗಿಂತ ಸಾಲದ ಕಂತೇ ಜಾಸ್ತಿ.

ನೆರವಿನ ಕಂತು ಶುರುವಾಗುವುದು ರಾಜ್ಯ ಶಿಕ್ಷಣ ಇಲಾಖೆ ನಕ್ಷೆ ಒಪ್ಪಿದ 18 ತಿಂಗಳಿಗೆ, ಇಲ್ಲವೇ ಕಾಮಗಾರಿ ಮುಗಿದ ಪ್ರಮಾಣಪತ್ರ ಮತ್ತು ಅಂತಿಮ ವೆಚ್ಚ ವರದಿ ಎರಡೂ ಇಲಾಖೆಗೆ ಸೇರಿದಾಗ. ಯಾವುದು ತಡವೋ ಅದು. ಎಷ್ಟೋ ಕಡೆ ಕಟ್ಟಡದಲ್ಲಿ ಮಕ್ಕಳು ಕೂತಿರುತ್ತಾರೆ, ಗುತ್ತಿಗೆದಾರನ ಕೊನೆಯ ಬಿಲ್ಲಿನ ಜಗಳ ಮುಗಿಯದೆ ವರದಿ ಮಾತ್ರ ಹೋಗಿರುವುದಿಲ್ಲ. ಅಷ್ಟೂ ಕಾಲ ಬಡ್ಡಿ ಊರಿನವರದ್ದು. ಹಳೆಯ ಕಾಮಗಾರಿಗಳಲ್ಲಿ ಗಡುವು ತಪ್ಪಿ ನೆರವೇ ಕೈತಪ್ಪಿದ್ದುಂಟು. ಅಂಥ ಡಿಸ್ಟ್ರಿಕ್ಟ್‌ಗಳನ್ನು ಉಳಿಸಲು ಶಾಸನಸಭೆಯಲ್ಲಿ ಪ್ರತ್ಯೇಕ ಮಸೂದೆಗಳನ್ನೇ ತರಬೇಕಾಯಿತು. ವರದಿಯ ಹೊಣೆ ಯಾರದ್ದು ಎಂದು ಹೆಸರು ಹಿಡಿದು ಈಗಲೇ ಗೊತ್ತುಮಾಡಿಕೊಳ್ಳಿ.

ಕಟ್ಟಡ ಪರವಾನಗಿ ಕೊಡುವುದು ಊರಿನ ಕಚೇರಿಯಲ್ಲ, ಅದೇ ಇಲಾಖೆಯ ಫೆಸಿಲಿಟೀಸ್ ಪ್ಲಾನಿಂಗ್ ವಿಭಾಗ. ಪರಿಸರ ಪರಿಶೀಲನೆ ಮತದಾನಕ್ಕೆ ಮುಂಚೆಯೇ ಮುಗಿದಿರಬೇಕು. 10,000 ಚದರಡಿಗಿಂತ ಕಡಿಮೆ ವಿಸ್ತರಣೆಗೆ ವಿನಾಯಿತಿ ಇರುವುದರಿಂದ ನಿಮ್ಮ ನಾಲ್ಕು ಕೋಣೆಗೆ ತೊಡಕಾಗಲಾರದು. ಇನ್ನು ವಿಕ್ಸ್ ಕಾನೂನು: ನಿಮ್ಮ ಭಾಗದಲ್ಲಿ 5 ಲಕ್ಷ ಡಾಲರ್ ದಾಟಿದ ಕೆಲಸಕ್ಕೆ ಪ್ಲಂಬಿಂಗ್, ವಿದ್ಯುತ್, ಹೀಟಿಂಗ್ ಗುತ್ತಿಗೆಗಳನ್ನು ಬೇರೆಬೇರೆಯಾಗಿ ಕರೆಯಬೇಕು. ಬಾಯ್ಲರ್ ಕೋಣೆಯಲ್ಲಿ ಮೂವರೂ ಒಟ್ಟಿಗೆ ಸೇರುತ್ತಾರೆ. ಪೈಪಿನ ಹಳೆಯ ಹೊದಿಕೆಯಲ್ಲಿ ಆಸ್ಬೆಸ್ಟಾಸ್ ಸಿಕ್ಕರೆ ಅದನ್ನು ತೆಗೆದು ಗಾಳಿ ಪರೀಕ್ಷೆ ಮುಗಿಯುವ ತನಕ ಮೂವರೂ ಕಾಯಬೇಕು. ಅದಕ್ಕೇ ಆ ಕೆಲಸವನ್ನು ಬೇಸಿಗೆ ರಜೆಯ ಮೊದಲ ವಾರಕ್ಕೇ ಇಟ್ಟಿದ್ದಾರೆಯೇ ನೋಡಿ.

ಮೊಹಾಕ್‌ದಂಡೆ:
ತುಂಬಾ ಉಪಕಾರವಾಯಿತು. ನಮ್ಮದು 'ಸ್ಮಾಲ್ ಸಿಟಿ' (ಸಣ್ಣ ನಗರದ) ಡಿಸ್ಟ್ರಿಕ್ಟ್. ಅದರಿಂದ ಏನಾದರೂ ವ್ಯತ್ಯಾಸ?

ಲೆಕ್ಕದಪುಸ್ತಕ:
ಮೊದಲು ದೊಡ್ಡ ವ್ಯತ್ಯಾಸವೇ ಇತ್ತು. ರಾಜ್ಯ ಸಂವಿಧಾನ ನಿಮ್ಮ ಸಾಲವನ್ನು ಆಸ್ತಿಯ ಸರಾಸರಿ ಪೂರ್ಣ ಮೌಲ್ಯದ ಶೇ 5ಕ್ಕೆ ಕಟ್ಟಿಹಾಕಿತ್ತು. ಬೇರೆಯವರಿಗೆ ಶೇ 10ರವರೆಗೆ ಅವಕಾಶವಿತ್ತು. ಆ ಮಿತಿ ದಾಟಬೇಕಾದರೆ ಶೇ 60 ಮತ ಬೇಕಿತ್ತು, ಅದರ ಮೇಲೆ ಬೋರ್ಡ್ ಆಫ್ ರೀಜೆಂಟ್ಸ್ (ರಾಜ್ಯದ ಶಿಕ್ಷಣ ಮಂಡಳಿ) ಮತ್ತು ರಾಜ್ಯದ ಕಂಪ್ಟ್ರೋಲರ್ (ಹಣಕಾಸು ಲೆಕ್ಕಾಧಿಕಾರಿ) ಒಪ್ಪಿಗೆ. ಆಸ್ತಿ ಮೌಲ್ಯ ಕಡಿಮೆ ಇರುವ ಊರಿಗೇ ಈ ಬಾಗಿಲು ಕಿರಿದಾಗಿತ್ತು. ಹೆಚ್ಚು ಅಗತ್ಯವಿರುವವರಿಗೇ ಹೀಗಾಗುತ್ತಿದ್ದುದು ನನ್ನ ಮಟ್ಟಿಗೆ ಅನ್ಯಾಯ. 2023ರ ನವೆಂಬರ್‌ನಲ್ಲಿ ರಾಜ್ಯದ ಮತದಾರರು ಸಂವಿಧಾನದ ಆ ವಿಶೇಷ ಮಿತಿಯನ್ನು ತೆಗೆದುಹಾಕಿದರು. ನಿಮಗೆ ಈಗ ಅನ್ವಯಿಸುವ ಮಿತಿ ಎಷ್ಟು, ಈಗಿರುವ ಸಾಲ ಅದರ ಎಷ್ಟು ಹತ್ತಿರ ಇದೆ, ಮತಪತ್ರಕ್ಕೆ ಶೇ 60 ಬೇಕೋ ಸರಳ ಬಹುಮತ ಸಾಕೋ ಎಂಬುದನ್ನು ಬಾಂಡ್ ವಕೀಲರಿಂದ ಬರಹದಲ್ಲಿ ತರಿಸಿಕೊಳ್ಳಲು ಬೋರ್ಡಿಗೆ ಹೇಳಿ.