ಎಂಟನೇ ಕ್ಲಾಸಿಗೆ ‘ದಿ ಗಿವರ್’ ಓದಿಸ್ತಿದೀನಿ, ಇಲ್ಲಿಗೇ ನಿಲ್ಲಿಸ್ಲಾ? ಅನುಭವ ಇರೋರು ಹೇಳಿ

ತುಮಕೂರಿನ ಇಂಗ್ಲಿಷ್ ಟೀಚರ್ ಕೇಳಿದ್ದು:

ನಮಸ್ಕಾರ ಎಲ್ರಿಗೂ. ಇಲ್ಲೊಂದು ಪ್ರೈವೇಟ್ ಸ್ಕೂಲಲ್ಲಿ ಎಂಟನೇ ಕ್ಲಾಸಿಗೆ ಈ ವರ್ಷ ಲೋಯಿಸ್ ಲೌರಿ ಅವರ ‘ದಿ ಗಿವರ್’ ಓದಿಸ್ತಿದೀನಿ, 1993ರಲ್ಲಿ ಬಂದ ಪುಸ್ತಕ. ಓದಿಲ್ಲದೋರಿಗೆ ಒಂದೆರಡು ಮಾತು: ಅದ್ರಲ್ಲಿ ಬರೋ ಊರಲ್ಲಿ ಹಸಿವಿಲ್ಲ, ಜಗಳ ಇಲ್ಲ, ನೋವಿಲ್ಲ, ಹಂಗೇ ಬಣ್ಣನೂ ಇಲ್ಲ, ಪ್ರೀತಿನೂ ಇಲ್ಲ. ಹನ್ನೆರಡನೇ ವಯಸ್ಸಿಗೆ ಮಕ್ಕಳು ಯಾವ ಕೆಲಸ ಮಾಡ್ಬೇಕು ಅನ್ನೋದನ್ನ ಹಿರಿಯರೇ ಗೊತ್ತು ಮಾಡ್ತಾರೆ. ಹಳೇ ನೆನಪೆಲ್ಲ ಒಬ್ಬ ಮುದುಕನ ಹತ್ರ ಮಾತ್ರ ಇರುತ್ತೆ, ಅದನ್ನ ಈಸ್ಕೊಳ್ಳೋ ಕೆಲಸ ಜೋನಸ್ ಅನ್ನೋ ಹುಡುಗನ ಪಾಲಿಗೆ ಬರುತ್ತೆ. ಒಟ್ಟು 23 ಅಧ್ಯಾಯ, ನಾವು 18 ಮುಗಿಸಿದೀವಿ.

ಈಗ ಅರ್ಧ ಕ್ಲಾಸು ‘ಆ ಊರೇ ಚೆನ್ನಾಗಿದೆ ಮಿಸ್, ನಾವೂ ಅಲ್ಲೇ ಇರ್ತೀವಿ’ ಅಂತಿದೆ. ಇನ್ನೊಂದು ಕಡೆ ಒಬ್ಳು ಹುಡುಗಿ ಮನೇಲಿ ಮುಂದಕ್ಕೆ ಓದ್ಕೊಂಡು ಹೋಗಿ, 19ನೇ ಅಧ್ಯಾಯಕ್ಕೆ ಬಂದು ರಾತ್ರಿ ಊಟನೂ ಮಾಡದೆ ಅತ್ತಿದಾಳೆ, ಅವರಮ್ಮ ಸ್ಕೂಲಿಗೆ ಬಂದಿದ್ರು. ಹೆಡ್ ಸರ್ ‘ಮಿಕ್ಕಿದ್ದು ಸಮ್ಮರಿ ಹೇಳಿ ಮುಗಿಸ್ಬಿಡಿ’ ಅಂತಿದಾರೆ. ನನಗೆ ಮನಸ್ಸು ಒಪ್ತಿಲ್ಲ. ಏನ್ ಮಾಡ್ಲಿ?

ಮಾಲೂರು ಕಡೆಯ ಹೈಸ್ಕೂಲ್ ಟೀಚರ್:

ಬಿಡ್ಬೇಡಿ ಮೇಡಂ. ನಾನು ಮೂರು ಬ್ಯಾಚಿಗೆ ಓದಿಸಿದೀನಿ, ಒಂಬತ್ತನೇ ಕ್ಲಾಸಿಗೆ. ‘ಆ ಊರೇ ಚೆನ್ನಾಗಿದೆ’ ಅನ್ನೋ ಮಾತು ಮೂರೂ ಬ್ಯಾಚಲ್ಲೂ ಬಂತು. ಮೊದಲನೇ ಸಲ ನಾನು ಗಾಬರಿಯಾಗಿ ತಿದ್ದೋಕೆ ಹೋದೆ, ಅಲ್ಲಿ ಸ್ವಾತಂತ್ರ್ಯ ಇಲ್ಲ, ಆಯ್ಕೆ ಇಲ್ಲ ಅಂತ ಬೋರ್ಡ್ ತುಂಬ ಬರೆದೆ, ಮಕ್ಕಳು ಅದನ್ನೇ ನೋಟ್ಸಿಗೆ ಇಳಿಸ್ಕೊಂಡು ಸುಮ್ಮನಾದ್ರು. ಆಮೇಲೆ ಏನು ಕೇಳಿದ್ರೂ ನನಗೆ ಬೇಕಾದ ಉತ್ತರಾನೇ ಹೇಳೋರು. ಪುಸ್ತಕದ ಕಥೆ ಅಲ್ಲಿಗೇ ಮುಗೀತು.

ಎರಡನೇ ಬ್ಯಾಚಲ್ಲಿ ಬಾಯಿ ಮುಚ್ಕೊಂಡು ಕೇಳಿಸ್ಕೊಂಡೆ. ಒಬ್ಬ ಹುಡುಗ ಹೇಳಿದ, ‘ಅಲ್ಲಿ ಯಾರೂ ಕುಡ್ಕೊಂಡ್ ಬಂದು ಅಮ್ಮನ್ನ ಹೊಡೆಯಲ್ಲ ಅಲ್ವಾ ಮಿಸ್.’ ಆ ಮಗುಗೆ ಆಯ್ಕೆ ಸ್ವಾತಂತ್ರ್ಯ ಅಂತ ನಾನು ಯಾವ ಬಾಯಲ್ಲಿ ಪಾಠ ಹೇಳೋದು? ಇನ್ನೊಬ್ಳು ಟೊಮೆಟೊ ಬೆಳೆಯೋ ಮನೆ ಹುಡುಗಿ. ಪುಸ್ತಕದಲ್ಲಿ ಹಿಮ ಬಿದ್ರೆ ಬೆಳೆ ಆಗಲ್ಲ ಅಂತ ಹಿಮಾನೇ ನಿಲ್ಲಿಸಿರ್ತಾರಲ್ಲ, ಅದನ್ನ ಓದಿ ಅವಳು ‘ಮಳೆ ಹೇಳಿದ ಟೈಮಿಗೆ ಬಂದ್ರೆ ಯಾರ್ ಮಿಸ್ ಬೇಡ ಅಂತಾರೆ’ ಅಂದ್ಳು. ನಮ್ಮ ಕಡೆ 1,300 ಅಡಿ ಬೋರ್ ಕೊರೆಸಿ ಬರೀ ಧೂಳು ಎದ್ದಿರೋ ಮನೆಗಳಿವೆ, ರೇಟ್ ಬಿದ್ದಾಗ ಟೊಮೆಟೊ ರಸ್ತೆಗೆ ಸುರಿಯೋದನ್ನ ಈ ಮಕ್ಕಳು ಕಣ್ಣಾರೆ ನೋಡಿವೆ. ಅವಕ್ಕೆ ಆ ಊರಿನ ಮೇಲೆ ಆಸೆ ಹುಟ್ಟೋದು ಸರಿಯಾಗೇ ಇದೆ, ಬರೆದಿರೋದೇ ಹಂಗೆ, ಜೋನಸ್‌ಗೂ ಮೊದಲು ಆ ಊರು ಚೆನ್ನಾಗೇ ಕಾಣ್ಸಿರುತ್ತೆ. ಆಸೆ ಹುಟ್ಟಿದ ಮಕ್ಕಳಿಗೇ 19ನೇ ಅಧ್ಯಾಯ ಜಾಸ್ತಿ ತಟ್ಟೋದು.

ನೀವು 16ನೇ ಅಧ್ಯಾಯಕ್ಕೆ ಒಂದ್ಸಲ ವಾಪಸ್ ಹೋಗಿ ಬನ್ನಿ. ಜೋನಸ್ ಅಪ್ಪ ಅಮ್ಮನ್ನ ‘ನನ್ನ ಪ್ರೀತಿಸ್ತೀರಾ’ ಅಂತ ಕೇಳ್ತಾನೆ, ಅವರು ನಕ್ಬಿಟ್ಟು ಅದು ಅರ್ಥನೇ ಇಲ್ಲದ ಪದ, ಸರಿಯಾದ ಪದ ಬಳಸು ಅಂತಾರೆ. ಇಲ್ಲಿ ಮಕ್ಕಳಿಗೆ ಸಿಟ್ಟು ಬರುತ್ತೆ ಅನ್ಕೊಂಡಿದ್ದೆ, ಬರ್ಲಿಲ್ಲ. ‘ನಮ್ಮನೇಲೂ ಯಾರೂ ಹಂಗೆಲ್ಲ ಹೇಳಲ್ಲ ಮಿಸ್’ ಅಂದ್ರು. ಹಂಗಾದ್ರೆ ನಿಮ್ಮನೇಲಿ ಏನಂತಾರೆ ಅಂತ ಕೇಳ್ದೆ. ಒಂದೊಂದೇ ಬಂತು ನೋಡಿ, ‘ಊಟ ಆಯ್ತಾ ಅಂತಾರೆ’, ‘ಬಸ್ ಬರೋವರೆಗೂ ತಾತ ಸ್ಟಾಪಲ್ಲಿ ನಿಂತಿರ್ತಾರೆ’, ‘ಅಮ್ಮ ಬಾಡಲ್ಲಿ ಲಿವರ್ ಪೀಸ್ ನನಗೇ ಎತ್ತಿಡ್ತಾಳೆ’. ಒಬ್ಬ ಹುಡುಗ ಆಗ ನಿಧಾನವಾಗಿ ‘ಜೋನಸ್ ಮನೇಲಿ ಅದೂ ಇಲ್ಲ ಅಲ್ವಾ, ಊಟ ಗಾಡೀಲಿ ಬರುತ್ತೆ, ತಟ್ಟೆ ಗಾಡೀಲಿ ಹೋಗುತ್ತೆ’ ಅಂದ. ನಾನು ಒಂದು ತಿಂಗಳಿಂದ ಹೇಳೋಕೆ ಒದ್ದಾಡ್ತಿದ್ದಿದ್ದನ್ನ ಆ ಹುಡುಗ ಒಂದೇ ಮಾತಲ್ಲಿ ಹೇಳ್ಬಿಟ್ಟ.

19ನೇದನ್ನ ಮಾತ್ರ ಮನೆಗೆ ಕೊಡ್ಲೇಬೇಡಿ. ಡಬಲ್ ಪೀರಿಯಡ್ ಇಟ್ಕೊಂಡು ನೀವೇ ಗಟ್ಟಿಯಾಗಿ ಓದಿ, ಮಧ್ಯದಲ್ಲಿ ಪ್ರಶ್ನೆ ಬೇಡ, ಓದಿ ಮುಗಿದ್ಮೇಲೆ ಐದು ನಿಮಿಷ ಏನೂ ಮಾತಾಡ್ಬೇಡಿ, ಆಮೇಲೆ ಹೆಸರು ಹಾಕದೆ ಒಂದು ಚೀಟೀಲಿ ಅನ್ಸಿದ್ದು ಬರೆಯೋಕೆ ಹೇಳಿ. ಕೊನೇ ಪೀರಿಯಡಲ್ಲಿ ಬೇಡ, ಬೆಲ್ ಹೊಡೆದ ತಕ್ಷಣ ಮಕ್ಕಳು ಬಸ್ ಹತ್ಕೊಂಡು ಹೋಗ್ಬಿಡ್ತವೆ.

ಚಿಕ್ಕಬಳ್ಳಾಪುರ, ಒಬ್ಬ ಹುಡುಗಿಯ ಅಪ್ಪ:

ಎರಡು ವರ್ಷದ ಹಿಂದೆ ಇದೇ ಪುಸ್ತಕಕ್ಕೆ ಸ್ಕೂಲಿಗೆ ಹೋಗಿ ಜೋರು ಮಾಡಿ ಬಂದಿದ್ದೋನು ನಾನು. ಮಗಳು ಎರಡು ದಿನ ಮಾತಾಡ್ಲಿಲ್ಲ, ನಮ್ಮಮ್ಮನ ಪಕ್ಕಾನೇ ಮಲಗೋಳು, ‘ಅಜ್ಜೀ ನಿನ್ನನ್ನ ಎಲ್ಲಿಗೂ ಕಳ್ಸಲ್ಲ’ ಅಂತ ಒಂದೇ ಸಮ ಹೇಳ್ತಿದ್ಲು, ನಮಗೆ ತಲೆ ಬುಡ ಅರ್ಥ ಆಗ್ಲಿಲ್ಲ. ಸ್ಕೂಲಲ್ಲಿ ಕೂಗಾಡಿ ಬಂದ್ಮೇಲೆ ಆ ಪುಸ್ತಕ ತಗೊಂಡು ನಾನೇ ಎರಡು ರಾತ್ರಿ ಕೂತು ಓದ್ದೆ, ಇಂಗ್ಲಿಷ್ ಅಷ್ಟೇನೂ ಕಷ್ಟ ಇಲ್ಲ. ಆ ಊರಲ್ಲಿ ವಯಸ್ಸಾದವ್ರನ್ನ ‘ರಿಲೀಸ್’ ಮಾಡ್ತಾರೆ, ಹಾರೈಸಿ ಚಪ್ಪಾಳೆ ತಟ್ಟಿ ಕಳಿಸ್ತಾರೆ, ಎಲ್ಲಿಗೆ ಅಂತ ಯಾರೂ ಕೇಳಲ್ಲ. ಆಮೇಲೆ 19ನೇ ಅಧ್ಯಾಯದಲ್ಲಿ ಅವಳಿ ಕೂಸಲ್ಲಿ ತೂಕ ಕಮ್ಮಿ ಇರೋದನ್ನ ಜೋನಸ್ ಅಪ್ಪನೇ ನಗ್ತಾ ನಗ್ತಾ ಸೂಜಿ ಚುಚ್ಚಿ ಸಾಯಿಸ್ತಾನೆ, ‘ರಿಲೀಸ್’ ಅಂದ್ರೆ ಅದೇ. ಅದನ್ನ ಓದೋ ಹೊತ್ಗೆ ನನಗೇ ಕೈ ನಡುಗ್ತು, ಹದಿಮೂರು ವರ್ಷದ ಕೂಸು ಅದನ್ನ ಒಬ್ಳೇ ಓದಿದೆ.

ಪುಸ್ತಕದ ಮೇಲಿನ ಸಿಟ್ಟು ಈಗ ಇಲ್ಲ. ಆದ್ರೆ ಶುಕ್ರವಾರ ಹೋಮ್‌ವರ್ಕ್ ಅಂತ ಕೊಟ್ಟು ಕಳಿಸಿದ್ದು ತಪ್ಪೇ, ಅದನ್ನ ಇವತ್ತೂ ಹೇಳ್ತೀನಿ. ಒಂದು ಚೀಟಿ ಬಂದಿದ್ರೆ ಅವಳು ಓದೋವಾಗ ನಾನೋ ಅವರಮ್ಮನೋ ಪಕ್ಕದಲ್ಲಿ ಕೂತಿರ್ತಿದ್ವಿ.

ಒಂದ್ಮಾತು ಬಿಟ್ಟೋಯ್ತು. ಆ ಊರಲ್ಲಿ ಗಾಡಿ ಓಡಾಡೋಕೆ ತೊಂದ್ರೆ ಅಂತ ಬೆಟ್ಟ ಎಲ್ಲ ಸಮ ಮಾಡಿರ್ತಾರಲ್ಲ, ನಮ್ಮ ಕಡೆ ಕ್ರಷರ್‌ಗಳಿಗೆ ಗುಡ್ಡ ಕರಗೋದನ್ನ ದಿನಾ ನೋಡೋ ಮಗಳು ಕೇಳಿದ್ಲು, ‘ಅಪ್ಪಾ, ಇದು ಎಷ್ಟು ವರ್ಷ ಆದ್ಮೇಲಿನ ಕಥೆ?’ ನನಗೆ ಉತ್ತರ ಬರ್ಲಿಲ್ಲ.

ತಿಪಟೂರು, ಕನ್ನಡ ಮೇಷ್ಟ್ರು:

ನಾನು ಇದೇ ಕಥೆನ ಕನ್ನಡದಲ್ಲಿ ಬಾಯಲ್ಲಿ ಹೇಳ್ದೆ, ‘ರಿಲೀಸ್’ಗೆ ‘ಬಿಡುಗಡೆ’ ಅಂದೆ. ಮಕ್ಕಳು ಮೊದಲು ಖುಷಿಪಟ್ರು, ನಮ್ಮ ಭಾಷೇಲಿ ಅದು ಒಳ್ಳೇ ಮಾತಲ್ವಾ. ನಿಜ ಗೊತ್ತಾದಾಗ ಕ್ಲಾಸಲ್ಲಿ ಉಸಿರಿಲ್ಲ. ಒಬ್ಳು ಹುಡುಗಿ ಎದ್ದು ‘ನಮ್ಮಲ್ಲೂ ಸತ್ರು ಅನ್ನಲ್ವಲ್ಲ ಸರ್, ಲಿಂಗೈಕ್ಯರಾದ್ರು ಅಂತೀವಿ, ಅದೂ ಹಂಗೇನಾ?’ ಅಂತ ಕೇಳಿದ್ಲು. ಒಂದು ಪೀರಿಯಡ್ ಪೂರ್ತಿ ಅದೇ ನಡೀತು. ಕೊನೆಗೆ ಮಕ್ಕಳೇ ಹೇಳಿದ್ದು, ನಮ್ಮಲ್ಲಿ ಲಿಂಗೈಕ್ಯ ಅಂದ್ರೂ ಎಲ್ರೂ ಅಳ್ತಾರೆ, ಮಣ್ಣು ಮಾಡ್ತಾರೆ, ಹೆಸರು ಹಿಡಿದು ನೆನೀತಾರೆ, ಅಲ್ಲಿ ಆ ಪದ ಇಟ್ಟಿರೋದೇ ಯಾರೂ ಅಳಬಾರ್ದು ಅಂತ. ನಾನಾಗಿದ್ರೆ ಇಷ್ಟು ಬಿಡಿಸಿ ಹೇಳ್ತಿರ್ಲಿಲ್ಲ.

ಕೆಜಿಎಫ್, ಹೈಸ್ಕೂಲ್ ಟೀಚರ್:

ನಾನು ಸ್ವಲ್ಪ ಬೇರೆ ಹೇಳ್ತೀನಿ. ಎಲ್ಲಾ ಮಕ್ಕಳಿಗೂ 19ನೇದು ಓದಿಸ್ಲೇಬೇಕು ಅಂತೇನಿಲ್ಲ. ನನ್ನ ಕ್ಲಾಸಲ್ಲಿ ಒಬ್ಬ ಹುಡುಗನ ಪುಟ್ಟ ತಂಗಿ ತೀರ್ಕೊಂಡು ಆರು ತಿಂಗಳೂ ಆಗಿರ್ಲಿಲ್ಲ, ನನಗೆ ಗೊತ್ತಿತ್ತು, ಆದ್ರೂ ಆ ದಿನ ನೆನಪಾಗ್ಲಿಲ್ಲ, ಅದು ಈಗ್ಲೂ ನನ್ನ ಕೊರೀತದೆ. ಮೊದಲೇ ಕ್ಲಾಸಿನ ಲಿಸ್ಟ್ ಇಟ್ಕೊಂಡು ಒಂದೊಂದು ಹೆಸರಿಗೂ ಮನೇಲಿ ಏನಾಗಿದೆ ಅಂತ ಯೋಚ್ನೆ ಮಾಡಿ, ಬೇಕಾದ ಮಗುನ ಪಕ್ಕಕ್ಕೆ ಕರೆದು ಕೇಳಿ, ಬೇಡ ಅಂದ್ರೆ ಆ ದಿನ ಲೈಬ್ರರೀಲಿ ಕೂರ್ಲಿ. ಮತ್ತೆ ಹೆಣ್ಮಕ್ಕಳು ಸ್ಕ್ಯಾನಿಂಗ್ ಸೆಂಟರ್ ಬೋರ್ಡಿನ ವಿಷಯ ಎತ್ತುತ್ತವೆ, ಗಂಡೋ ಹೆಣ್ಣೋ ಹೇಳೋದು ಅಪರಾಧ ಅಂತ ಯಾಕೆ ಬರೆದಿದಾರೆ ಅಂತ. 1994ರಲ್ಲೇ ಕಾನೂನು ಬಂದಿದೆ, ಯಾಕೆ ಬೇಕಾಯ್ತು ಅಂತ ನೇರವಾಗಿ ಹೇಳಿ, ಮುಚ್ಚಿಡ್ಬೇಡಿ.

ಗೌರಿಬಿದನೂರು ತಾಲೂಕು, ಪಂಚಾಯ್ತಿ ಲೈಬ್ರರಿ ನೋಡ್ಕೊಳ್ಳೋರು:

ನಮ್ಮ ಅರಿವು ಕೇಂದ್ರಕ್ಕೆ ಸಂಜೆ ಬರೋ ಮಕ್ಕಳಿಗೆ ಈ ಕಥೆ ಹೇಳಿದ್ದೆ. ಅಳೋದು ಗಿಳೋದು ಏನೂ ಆಗ್ಲಿಲ್ಲ, ಅವ್ರಿಗೆ ಹತ್ತಿದ್ದು ನೆನಪೆಲ್ಲ ಒಬ್ಬನ ಹತ್ರಾನೇ ಇರೋ ವಿಷಯ. ವಿದುರಾಶ್ವತ್ಥ ನಮಗೆ ಹತ್ರ, 1938ರ ಏಪ್ರಿಲ್ 25ಕ್ಕೆ ಧ್ವಜ ಸತ್ಯಾಗ್ರಹದ ಜನದ ಮೇಲೆ ಪೊಲೀಸ್ರು ಗುಂಡು ಹಾರಿಸಿದ್ದ ಜಾಗ. ಒಬ್ಬ ಹುಡುಗ ‘ಅದನ್ನ ನೋಡಿದೋರು ನಮ್ಮೂರಲ್ಲಿ ಯಾರೂ ಉಳಿದಿಲ್ಲ, ಹಂಗಾದ್ರೆ ಆ ನೆನಪು ಈಗ ಯಾರ ಹತ್ರ ಇದೆ ಸಾರ್?’ ಅಂದ. ಮಾರನೇ ದಿನದಿಂದ ನಾಲ್ಕೈದು ಮಕ್ಕಳು ಮನೇಲಿ ಅಜ್ಜ ಅಜ್ಜೀನ ಕೇಳಿ ಬರ್ಕೊಂಡು ಬರೋಕೆ ಶುರು ಮಾಡಿದ್ವು, ನೋಟ್‌ಬುಕ್ ಇಲ್ಲೇ ಶೆಲ್ಫಲ್ಲಿ ಇಟ್ಟಿದೀನಿ.

ಶಿರಾ, ಈಗ ಡಿಗ್ರಿ ಓದ್ತಿರೋ ಹುಡುಗ:

ಒಂಬತ್ತನೇ ಕ್ಲಾಸಲ್ಲಿ ಓದಿದ್ದೆ. ಕೆಲಸ ಗೊತ್ತು ಮಾಡೋ ಸಮಾರಂಭ ಓದೋವಾಗ ಏನೂ ಅನ್ಸಿರ್ಲಿಲ್ಲ, ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಮನೆ ತುಂಬ ಜನ ಸೇರ್ಕೊಂಡು ನನಗೆ ಸೈನ್ಸ್ ಅಂತ ಡಿಸೈಡ್ ಮಾಡ್ದಾಗ ಆ ಪುಟ ನೆನಪಾಯ್ತು. ಆಮೇಲೆ ಕೊನೆ ವಿಷಯ, ಜೋನಸ್ ಸತ್ನಾ ಬದುಕಿದ್ನಾ ಅಂತ ಕ್ಲಾಸ್ ಎರಡು ಪಾರ್ಟಿ ಆಗುತ್ತೆ. ಮುಂದಿನ ಪುಸ್ತಕಗಳಲ್ಲಿ ಉತ್ತರ ಇದೆ, 2004ರಲ್ಲಿ ಒಂದು, 2012ರಲ್ಲಿ ಒಂದು ಬಂದಿವೆ, ಆದ್ರೆ ತಕ್ಷಣ ಹೇಳ್ಬಿಡ್ಬೇಡಿ ಮೇಡಂ. ನಾವು ಒಂದು ವಾರ ಗ್ರೌಂಡಲ್ಲೂ ಅದನ್ನೇ ಕಿತ್ತಾಡಿದ್ವಿ.

ಕೇಳಿದ ಟೀಚರ್ ಮತ್ತೆ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಸಮ್ಮರಿ ಬೇಡ ಅಂತ ಹೆಡ್ ಸರ್ ಹತ್ರ ಮಾತಾಡ್ದೆ, ಮನೆಗಳಿಗೆ ಮೊದಲು ತಿಳಿಸಿ ಅಂತ ಹೇಳಿ ಒಪ್ಕೊಂಡ್ರು. ಬುಧವಾರ ಬೆಳಿಗ್ಗೆ ಡಬಲ್ ಪೀರಿಯಡ್ ಸಿಕ್ಕಿದೆ. ಅತ್ತ ಹುಡುಗಿ ಅಮ್ಮಂಗೂ ಫೋನ್ ಮಾಡಿದ್ದೆ, ಮಗಳು ಕ್ಲಾಸಲ್ಲಿ ಎಲ್ರ ಜೊತೆ ಇನ್ನೊಂದ್ಸಲ ಕೇಳ್ತೀನಿ ಅಂತಿದಾಳಂತೆ. ಡೈರೀಲಿ ಹಿಂಗೆ ಬರೆದು ಕಳಿಸ್ತಿದೀನಿ, ಏನಾದ್ರೂ ಬಿಟ್ಟಿದ್ರೆ ಹೇಳಿ:

‘ಬುಧವಾರ ಕ್ಲಾಸಲ್ಲಿ ಕಥೆಯ ಒಂದು ಕಷ್ಟದ ಭಾಗ ಓದುತ್ತೇವೆ. ಒಂದು ಕೂಸಿನ ಸಾವು ಬರುತ್ತದೆ. ಮನೆಯಲ್ಲಿ ಇತ್ತೀಚೆಗೆ ಯಾರಾದರೂ ತೀರಿಕೊಂಡಿದ್ದರೆ ದಯವಿಟ್ಟು ಮೊದಲೇ ನನಗೆ ತಿಳಿಸಿ. ಆ ದಿನ ಸಂಜೆ ಮಗು ಏನಾದರೂ ಕೇಳಿದರೆ, ಅಥವಾ ಏನೂ ಕೇಳದೆ ಸುಮ್ಮನಿದ್ದರೆ, ಸ್ವಲ್ಪ ಹೊತ್ತು ಜೊತೆಗೆ ಕೂತುಕೊಳ್ಳಿ.’