ಡಗ್ಲಸ್ ಫರ್ ಬುಡದಲ್ಲಿ ಕಂದು ಅಣಬೆ, ಮರ ಕಡಿಸಬೇಕಾ?

ಪ್ರಶ್ನೆ: ನಮಸ್ಕಾರ. ನಾವಿರುವುದು ಸಿಯಾಟಲ್ ಹತ್ತಿರ. ಹಿತ್ತಲಲ್ಲಿ ದೊಡ್ಡ ಡಗ್ಲಸ್ ಫರ್ (ಸೂಜಿ ಎಲೆಯ ಮರ) ಇದೆ, ಮಕ್ಕಳ ರೂಮಿನಿಂದ ಹತ್ತೇ ಮೀಟರ್. ಅದರ ಬುಡದಿಂದ ಎರಡು ಅಡಿ ಆಚೆ, ನೆಲದಲ್ಲಿ ಊಟದ ತಟ್ಟೆಯಷ್ಟು ಅಗಲದ ಅಣಬೆ ಎದ್ದಿದೆ. ಮೇಲೆ ಮಖಮಲ್ಲಿನಂಥ ಕಂದು ರೋಮ, ಅಂಚು ಹಳದಿ. ಹೋದ ಚಳಿಗಾಲದಲ್ಲಿ ಅದೇ ಜಾಗದಲ್ಲಿ ಒಣಗಿದ ಸಗಣಿಯಂಥದ್ದು ಬಿದ್ದಿತ್ತು. ಮರ ಮಾತ್ರ ಹಚ್ಚಹಸಿರು. ಅಣಬೆ ಕಿತ್ತು ಔಷಧಿ ಹೊಡೆದರೆ ಸಾಕಾ ಸರ್?

ಉತ್ತರ: ಮೇಡಂ, ಮರಗಳ ತಪಾಸಣೆಯೇ ನನ್ನ ಕೆಲಸ. ನೀವು ಹೇಳಿದ್ದು ಕೇಳಿದರೆ ಇದು ಫೇಯೊಲಸ್ ಶ್ವೈನಿಟ್ಜಿ ಎಂಬ, ಬೇರು ಮತ್ತು ಬುಡ ಕೊಳೆಸುವ ಅಣಬೆ ಇರುವ ಸಾಧ್ಯತೆ ಜಾಸ್ತಿ. ಆ ಸಗಣಿಯಂಥದ್ದೂ ಇದೇ, ಹಳೆಯ ಅಣಬೆ ಒಣಗಿದರೆ ಹಾಗೇ ಕಾಣುತ್ತದೆ. ನೆಲದಿಂದ ಎದ್ದಂತೆ ಕಂಡರೂ ಅದು ಬಂದಿರುವುದು ಬೇರಿನಿಂದ. ಕಿತ್ತರೆ ಪ್ರಯೋಜನವಿಲ್ಲ. ಮಾವಿನಹಣ್ಣು ಕಿತ್ತರೆ ಮಾವಿನಮರ ಹೋಗುತ್ತದಾ? ಕಣ್ಣಿಗೆ ಕಾಣುವುದು ಹಣ್ಣು ಅಷ್ಟೇ, ಉಳಿದದ್ದು ನೂಲಿನ ಹಾಗೆ ಮರದೊಳಗೆ ಹಬ್ಬಿರುತ್ತದೆ, ಅದಕ್ಕೆ ಔಷಧಿ ಇಲ್ಲ. ಬೇರು ಮತ್ತು ಬುಡದ ಒಳತಿರುಳು ಚೌಕ ಚೌಕವಾಗಿ ಬಿರಿಯುತ್ತದೆ, ಬೆರಳಲ್ಲಿ ಉಜ್ಜಿದರೆ ಕಂದು ಪುಡಿ. ನೀರು ಏರುವುದು ತೊಗಟೆ ಪಕ್ಕದ ಹೊರಪದರದಲ್ಲಿ, ಹಾಗಾಗಿ ತುದಿ ಹಸಿರಾಗಿಯೇ ಇರುತ್ತದೆ. ಹಸಿರು ನೋಡಿ ಸುಮ್ನೆ ಇರಬೇಡಿ, ಬುಡ ಕೊಳೆತ ಮರ ಗಾಳಿಗೆ ಬೀಳಬಹುದು.

ಇನ್ನೊಬ್ಬರು: ನಮ್ಮಲ್ಲಿ ಸತ್ತ ಹೆಮ್ಲಾಕ್ (ಇದೂ ಸೂಜಿ ಎಲೆಯ ಮರ) ಮೋಟಿನ ಮೇಲೆ ಕುದುರೆ ಗೊರಸಿನಂಥದ್ದು ಇದೆ, ಅಂಚಲ್ಲಿ ಕೆಂಪು ಪಟ್ಟೆ. ಅದೂ ಇದೇನಾ?

ಉತ್ತರ: ಅಲ್ಲ. ಅಡಿಭಾಗ ಬೆಳ್ಳಗೆ, ಮುಟ್ಟಿದರೆ ಕಟ್ಟಿಗೆಯಷ್ಟು ಗಟ್ಟಿ ಇದ್ದರೆ ಅದು ಫೊಮಿಟಾಪ್ಸಿಸ್ ಎಂಬ ಬೇರೆ ಅಣಬೆ. ವರ್ಷ ವರ್ಷ ಹೊಸ ಪದರ ಕಟ್ಟುತ್ತದೆ. ಹೆಚ್ಚಾಗಿ ಸತ್ತ ಮರದಲ್ಲೇ ಇರುವುದು, ಮೋಟು ಮಣ್ಣಾಗಲಿ ಬಿಡಿ. ಬದುಕಿರುವ ಮರದ ಕಾಂಡದಲ್ಲಿ, ಮುರಿದ ಕೊಂಬೆಯ ಬುಡದಲ್ಲಿ, ಮೇಲೆ ಕಪ್ಪಗೆ ಬಿರಿದು ಕೆಳಗೆ ದಾಲ್ಚಿನ್ನಿ ಬಣ್ಣದ್ದು ಕಂಡರೆ ಮಾತ್ರ ನನಗೆ ಫೋಟೋ ಕಳಿಸಿ. ಅದು ಪೊರೊಡೇಡೇಲಿಯಾ, ಜೀವಂತ ಮರದ ತಿರುಳನ್ನೇ ತಿನ್ನುತ್ತದೆ. ಮೇಲಿಂದ ಒಂದು, ಅಡಿಯಿಂದ ಒಂದು, ನೆಲದಿಂದ ಎಷ್ಟು ಎತ್ತರ ಅಂತ ತೋರಿಸುವ ಒಂದು, ಹೀಗೆ ಮೂರು ಫೋಟೋ ಬೇಕು. ಅಡಿಭಾಗ ಕಾಣದಿದ್ದರೆ ಗುರುತಿಸುವುದು ಕಷ್ಟ.

ಪ್ರಶ್ನೆ: ಸರ್, ಹಾಗಾದರೆ ನಮ್ಮ ಮರ ಕಡಿಸಲೇಬೇಕಾ?

ಉತ್ತರ: ಈಗಲೇ ಹೇಳಲಾಗದು ಮೇಡಂ. ಒಳಗೆ ಗಟ್ಟಿ ಕಟ್ಟಿಗೆ ಎಷ್ಟು ಉಳಿದಿದೆ ಅನ್ನುವುದೇ ಮುಖ್ಯ. ಅಪಾಯ ಅಳೆಯುವ ತರಬೇತಿ ಪಡೆದ ಆರ್ಬೊರಿಸ್ಟ್‌ರನ್ನು (ಮರಗಳ ತಜ್ಞರನ್ನು) ಕರೆಸಿ. ಅವರು ಬುಡಕ್ಕೆ ಸುತ್ತಿಗೆಯಿಂದ ತಟ್ಟಿ ಶಬ್ದ ಕೇಳುತ್ತಾರೆ, ಬೇಕಿದ್ದರೆ ಸಣ್ಣ ಸೂಜಿಯಂಥ ಡ್ರಿಲ್ ಹಾಕಿ ಅಳೆಯುತ್ತಾರೆ. ಬೇರುಗಳನ್ನೂ ನೋಡಲು ಹೇಳಿ. ಕಡಿಯುವುದೇ ಆದರೆ ನಿಮ್ಮ ಊರಿನ ಅನುಮತಿ ಬೇಕಾ ಅಂತ ಮೊದಲು ವಿಚಾರಿಸಿ. ನವೆಂಬರ್ ಬಿರುಗಾಳಿಗೆ ಮೊದಲೇ ಇದೆಲ್ಲ ಆಗಲಿ. ಅಲ್ಲಿಯವರೆಗೆ ಜೋರು ಗಾಳಿಯ ಮುನ್ಸೂಚನೆ ಇರುವ ರಾತ್ರಿ ಮಕ್ಕಳನ್ನು ಮನೆಯ ಆಚೆ ಬದಿಯ ರೂಮಿನಲ್ಲಿ ಮಲಗಿಸಿ.