ವೈರಾಣುಗಳ ‘ಮರುಸಂಯೋಜನೆ’: ಒಂದೇ ಪದ ಎರಡು ಕ್ರಿಯೆಗಳಿಗೆ ಸಲ್ಲುವುದೇ?

ಮಾನ್ಯರೇ,

ಹಂದಿ ಸಾಕುವವರಿಗಾಗಿ ವೈರಾಣು ರೋಗಗಳ ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ಕರಡನ್ನು ತಿದ್ದುವಾಗ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕ್ರಿಯೆಗಳಿಗೆ ನಾನು ‘ಮರುಸಂಯೋಜನೆ’ ಎಂಬ ಒಂದೇ ಪದವನ್ನು ಬಳಸಿರುವುದು ಕಣ್ಣಿಗೆ ಬಿತ್ತು. ಇವನ್ನು ಬೇರ್ಪಡಿಸುವ ಪದಗಳಿಗಾಗಿ ತಮ್ಮ ನೆರವನ್ನು ಕೋರುತ್ತೇನೆ.

ಮೊದಲನೆಯದು ಇನ್‌ಫ್ಲುಯೆಂಜಾದ್ದು. ಈ ರೋಗದ ‘ಎ’ ಬಗೆಯ ವೈರಾಣುವಿನ ಆರ್‌ಎನ್‌ಎ (ಅದರ ಆನುವಂಶಿಕ ವಸ್ತು) ಎಂಟು ಬಿಡಿ ತುಣುಕುಗಳಲ್ಲಿರುತ್ತದೆ. ಎರಡು ಬೇರೆ ಬೇರೆ ವೈರಾಣುಗಳು ಹಂದಿಯ ಒಂದೇ ಜೀವಕೋಶವನ್ನು ಹೊಕ್ಕರೆ, ಅಲ್ಲಿಂದ ಹೊರಬರುವ ಮರಿ ವೈರಾಣುವಿಗೆ ಕೆಲವು ತುಣುಕುಗಳು ಒಂದರಿಂದಲೂ ಉಳಿದವು ಇನ್ನೊಂದರಿಂದಲೂ ಇಡಿಯಾಗಿಯೇ ಬರಬಹುದು. 2009ರಲ್ಲಿ ಜಗತ್ತಿಗೆಲ್ಲ ಹರಡಿದ ಎಚ್‌1ಎನ್‌1 ವೈರಾಣುವಿನ ಆರು ತುಣುಕುಗಳು ಉತ್ತರ ಅಮೆರಿಕದ ಹಂದಿಗಳಲ್ಲಿದ್ದ ವೈರಾಣುವಿನಿಂದಲೂ, ಎರಡು ತುಣುಕುಗಳು ಯುರೋಪ್ ಮತ್ತು ಏಷ್ಯಾದ ಹಂದಿಗಳಲ್ಲಿದ್ದ ವೈರಾಣುವಿನಿಂದಲೂ ಬಂದಿದ್ದವು. ಆ ಆರರಲ್ಲಿಯೂ ಹಕ್ಕಿ, ಮನುಷ್ಯ, ಹಂದಿ ಎಂಬ ಮೂರು ಮೂಲಗಳು ಮೊದಲೇ ಕೂಡಿದ್ದವು.

ಎರಡನೆಯದು ಆಫ್ರಿಕನ್ ಹಂದಿ ಜ್ವರದ್ದು. (ಪತ್ರಿಕೆಗಳು ಇನ್‌ಫ್ಲುಯೆಂಜಾವನ್ನೂ ‘ಹಂದಿಜ್ವರ’ ಎಂದೇ ಕರೆಯುವುದರಿಂದ ಸಾಕಣೆದಾರರು ಗಾಬರಿಗೊಳ್ಳುತ್ತಾರೆ, ಆಫ್ರಿಕನ್ ಹಂದಿ ಜ್ವರ ಮನುಷ್ಯರಿಗೆ ತಗಲುವುದಿಲ್ಲ.) 2007ರಲ್ಲಿ ಜಾರ್ಜಿಯಾ ದೇಶ, 2018ರಲ್ಲಿ ಚೀನಾ, 2020ರಲ್ಲಿ ಅಸ್ಸಾಂ ಹೀಗೆ ಹಬ್ಬುತ್ತ ಬಂದದ್ದು ಇದರ ಎರಡನೇ ಜೀನ್‌ಮಾದರಿ (ಜೀನ್‌ಗಳ ಆಧಾರದಲ್ಲಿ ಗುರುತಿಸಿದ ಬಗೆ). ಅದು ಒಂದನೇ ಮಾದರಿಯೊಂದಿಗೆ ಬೆರೆತು ಹುಟ್ಟಿದ ಮಾರಕ ವೈರಾಣು ಚೀನಾದ ಹಂದಿಗಳಲ್ಲಿ ಸಿಕ್ಕಿರುವುದು 2023ರಲ್ಲಿ ಪ್ರಕಟವಾಯಿತು. ಇದರ ಡಿಎನ್‌ಎ ತುಣುಕುಗಳಲ್ಲಿರದೆ ಒಂದೇ ಉದ್ದನೆಯ ಎಳೆಯಾಗಿರುವುದರಿಂದ, ಇಲ್ಲಿ ಎಳೆಯೇ ನಡುವೆ ತುಂಡಾಗಿ ಇನ್ನೊಂದರ ಭಾಗದೊಂದಿಗೆ ಬೆಸೆದುಕೊಳ್ಳುತ್ತದೆ.

‘ಮರುಸಂಯೋಜನೆ’ ಈ ಎರಡನೆಯದಕ್ಕೇ ಮೀಸಲಾಗಲಿ ಎಂಬುದು ನನ್ನ ಅಭಿಪ್ರಾಯ. ಇದನ್ನೇ ‘ಕಸಿ’ ಎಂದರೆ ರೈತರಿಗೆ ಥಟ್ಟನೆ ಅರ್ಥವಾಗುತ್ತದೆ. ಆದರೆ ಕಸಿ ಮಾಡಲು ಒಂದು ಕೈ ಬೇಕು, ಇಲ್ಲಿ ಯಾರೂ ಮಾಡುವವರಿಲ್ಲ. ಮೊದಲನೆಯದಕ್ಕೆ ‘ಮರುವಿಂಗಡಣೆ’ ಎಂದು ಬರೆದು ನೋಡಿದೆ. ವಿಂಗಡಿಸುವುದೆಂದರೆ ಬೆರೆತದ್ದನ್ನು ಬೇರೆ ಮಾಡುವುದು, ನಡೆಯುತ್ತಿರುವುದು ಅದಕ್ಕೆ ತದ್ವಿರುದ್ಧ. ‘ತುಣುಕುಗಳ ಅದಲುಬದಲು’ ಎಂಬುದು ಪಾರಿಭಾಷಿಕವಾಗಿ ಬಿಗಿಯಿಲ್ಲದಿದ್ದರೂ, ತುಣುಕು ಒಡೆಯದೆ ಜಾಗ ಮಾತ್ರ ಬದಲಿಸುತ್ತದೆ ಎಂಬುದನ್ನು ಸರಿಯಾಗಿ ಹೇಳುತ್ತದೆ.

‘ಬೆರಕೆ ತಳಿ’ ಎಂಬ ಸುಲಭದ ಪದವನ್ನು ಬಿಡಬೇಕಾಗಿ ಬಂದದ್ದಕ್ಕೆ ಕಾರಣ ಹಂದಿಗಳೇ. ‘ಬೆರಕೆ ತಳಿಯ ಹಂದಿಗಳಲ್ಲಿ ಬೆರಕೆ ತಳಿ ಕಂಡುಬಂದಿದೆ’ ಎಂಬ ವಾಕ್ಯದಲ್ಲಿ ಯಾವುದು ಪ್ರಾಣಿ, ಯಾವುದು ವೈರಾಣು ಎಂದು ಓದುಗರು ತಡವರಿಸುತ್ತಾರೆ. ಕೋವಿಡ್ ಕಾಲದ ‘ರೂಪಾಂತರಿ’ ಒಳ್ಳೆಯ ಪದವೇ, ಆದರೆ ಅಕ್ಷರ ತಪ್ಪಿದಂತೆ ಅಲ್ಲೊಂದು ಇಲ್ಲೊಂದು ಬದಲಾವಣೆಯಾದ ವೈರಾಣುವಿಗೆ ಅದು ಒಪ್ಪುತ್ತದೆಯೇ ಹೊರತು ಎರಡು ಮೂಲಗಳಿಂದ ಕೂಡಿ ಹುಟ್ಟಿದ್ದಕ್ಕೆ ಒಪ್ಪುವುದಿಲ್ಲ.

‘ಅದಲುಬದಲು’ ಎಂಬುದಕ್ಕಿಂತ ಅಡಕವಾದ, ಹಾಗೆ ಹುಟ್ಟಿದ ವೈರಾಣುವನ್ನೂ ಹೆಸರಿಸಲು ಬರುವ ಪದ ಪಶುವೈದ್ಯರ ಇಲ್ಲವೇ ಸಾಕಣೆದಾರರ ಬಾಯಲ್ಲಿ ಇದೆಯೇ?